ಚಪ್ಪೆಯ ಕೀಲು: ವೈದ್ಯರ ಆಯ್ಕೆ ಮತ್ತು ಚೇತರಿಕೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಘದ ವೇದಿಕೆಯಿಂದ ನಾನು ಹಿಂದೆ ವಚನಗಳ ಮೇಲೆ ಮಾತನಾಡಿದ್ದೇನೆ, ದಾಸರ ಕೀರ್ತನೆಗಳ ಮೇಲೆ ಮಾತನಾಡಿದ್ದೇನೆ. ಕನ್ನಡ ಪಂಡಿತನಾದವನು ಮೂಳೆ ಕೀಲುಗಳ ವಿಷಯವನ್ನು ಎತ್ತಿಕೊಂಡನೆಂದರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ಆದರೆ ಒಂದು ವರ್ಷ ಕಾಲ ನಾನು ಊರುಗೋಲು ಹಿಡಿದು ನಡೆದುದನ್ನು ತಾವೆಲ್ಲ ಕಂಡಿದ್ದೀರಿ. ಅಂದಿನಿಂದ ಇಂದಿನವರೆಗೆ ವಾರಕ್ಕೆ ಇಬ್ಬರಾದರೂ ನನ್ನ ಮನೆಯ ಬಾಗಿಲಿಗೆ ಬಂದು, “ಮಾಸ್ತರೇ, ನಮ್ಮ ಅವ್ವನಿಗೂ ಹೀಗೇ ಆಗಿದೆ, ಯಾವ ಡಾಕ್ಟರ ಹತ್ತಿರ ಹೋಗಬೇಕು?” ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದನ್ನು ಒಮ್ಮೆ ಎಲ್ಲರಿಗೂ ಹೇಳಿಬಿಡಿರೆಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ನಾನು ವೈದ್ಯನಲ್ಲ, ರೋಗಿಯಾಗಿದ್ದವನು. ಆ ಅಧಿಕಾರದಿಂದ ಮಾತ್ರ ಮಾತನಾಡುತ್ತೇನೆ.

ಮೊದಲು ನನ್ನ ಅಜ್ಜಿಯ ಕಥೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಆಕೆ ನೀರು ತರುವಾಗ ಹೊಸ್ತಿಲು ಎಡವಿ ಬಿದ್ದಳು. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿತು. ಊರಿನ ಎಲುಬು ಕಟ್ಟುವವರು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. “ವಯಸ್ಸಾಗಿದೆ, ಇನ್ನು ಕೊಯ್ಯಿಸಿ ಏನು ಮಾಡುವುದು?” ಎಂದು ಬಂಧುಗಳೆಲ್ಲ ಒಪ್ಪಿಕೊಂಡರು. ಮೂರು ತಿಂಗಳು ಆಕೆ ಒಂದೇ ಮಗ್ಗುಲಾಗಿ ಮಲಗಿದಳು. ಬೆನ್ನಿನಲ್ಲಿ ಹುಣ್ಣುಗಳಾದವು, ಎದೆಯಲ್ಲಿ ಕಫ ತುಂಬಿತು. ಯುಗಾದಿಗೆ ಮುಂಚೆ ತೀರಿಕೊಂಡಳು. ಮುರಿದ ಮೂಳೆ ಆಕೆಯನ್ನು ಕೊಲ್ಲಲಿಲ್ಲ, ಮಲಗಿದ್ದು ಕೊಂದಿತು. ಇದು ನನಗೆ ತಿಳಿದದ್ದು ಮೂವತ್ತು ವರ್ಷಗಳ ಮೇಲೆ. ಮುಪ್ಪಿನವರ ಚಪ್ಪೆ ಮುರಿದಾಗ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ ಬೇಗನೆ ಎಬ್ಬಿಸಿ ನಿಲ್ಲಿಸುವುದೇ ಪ್ರಾಣ ಉಳಿಸುವ ದಾರಿಯೆಂದು ಇಂದಿನ ವೈದ್ಯಶಾಸ್ತ್ರವು ಸಾರುತ್ತದೆ. ವಯಸ್ಸಾಗಿದೆ ಎಂಬುದು ಮಲಗಿಸುವುದಕ್ಕೆ ಕಾರಣವಲ್ಲ. ಬೇಗ ಎಬ್ಬಿಸುವುದಕ್ಕೆ ಕಾರಣ.

ಇನ್ನು ನನ್ನ ಕಥೆ. ೨೦೨೧ರಲ್ಲಿ ಕೊರೋನಾ ಎರಡನೆಯ ಅಲೆಯಲ್ಲಿ ನಾನು ಹಾಸಿಗೆ ಹಿಡಿದೆ. ಸ್ಟೀರಾಯ್ಡ್ ಎಂಬ ಔಷಧ ನನ್ನ ಪ್ರಾಣ ಉಳಿಸಿತು. ಮರುವರ್ಷ ಬಲಗಾಲಿನಲ್ಲಿ ನೋವು ಕಾಣಿಸಿಕೊಂಡಿತು. ತರಗತಿಯಲ್ಲಿ ನಿಂತು ಪಾಠ ಹೇಳುವಾಗ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು ಅಭ್ಯಾಸವಾಯಿತು. ವೈದ್ಯರು ಎಲ್ಲಿ ನೋವು ಎಂದಾಗ ನಾನು “ಟೊಂಕ ನೋವು” ಎಂದೆ. ನಮ್ಮ ಕಡೆ ಆ ಮಾತಿನ ವ್ಯಾಪ್ತಿ ಎಷ್ಟೆಂಬುದನ್ನು ತಾವು ಬಲ್ಲಿರಿ. ಬೆನ್ನಿನ ಕೆಳಭಾಗವೂ ಟೊಂಕವೇ, ನಡುವೂ ಟೊಂಕವೇ, ಕೆಳಗಿನ ಚಪ್ಪೆಯೂ ಟೊಂಕವೇ. ವೈದ್ಯರು ತೆಲುಗಿನವರು; ನಾನು ತೆಲುಗಿನಲ್ಲಿ “ನಡುಮು” ಎಂದು ಬಿಡಿಸಿ ಹೇಳಿದೆ. ಅದು ಅವರಿಗೆ ಬೆನ್ನಾಯಿತು. ಬೆನ್ನಿನ ಚಿತ್ರ ತೆಗೆಸಿದರು, ಬೆನ್ನಿಗೆ ಪಟ್ಟಿ ಕಟ್ಟಿಸಿದರು, ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡೆ. ಒಂದು ವರ್ಷ ಹೀಗೆಯೇ ಕಳೆಯಿತು. ಆಮೇಲೆ ನೋವು ಮೊಣಕಾಲಿಗೆ ಇಳಿಯಿತು. ಮೊಣಕಾಲಿನ ಚಿತ್ರವನ್ನೂ ತೆಗೆಸಿದರು. ಅಲ್ಲಿಯೂ ದೋಷವಿರಲಿಲ್ಲ.

ಕಡೆಗೆ ರಾಯಚೂರಿನಲ್ಲಿ ಒಬ್ಬ ಹಿರಿಯ ಕನ್ನಡ ವೈದ್ಯರು, “ಮಾಸ್ತರೇ, ಹೆಸರು ಬೇಡ, ಬೆರಳಿಟ್ಟು ತೋರಿಸಿರಿ” ಎಂದರು. ನನ್ನ ಬೆರಳು ತಾನಾಗಿ ತೊಡೆಸಂದಿಗೆ ಹೋಯಿತು. ಅವರು ನನ್ನನ್ನು ಮಲಗಿಸಿ, ಮೊಣಕಾಲು ಮಡಿಸಿ ಪಾದವನ್ನು ಹೊರಕ್ಕೆ ತಿರುಗಿಸಿದರು, ನಾನು ಕೂಗಿಕೊಂಡೆ. “ಇದು ಬೆನ್ನಲ್ಲ, ಚಪ್ಪೆಯ ಕೀಲು” ಎಂದರು. ಚಪ್ಪೆಯ ಕೀಲಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣಿಸುತ್ತದೆ. ಎಷ್ಟೋ ಸಲ ಮೊಣಕಾಲಿನಲ್ಲಿ ಮಾತ್ರ ಕಾಣಿಸುತ್ತದೆ. ಭಾಷೆಯನ್ನೇ ಕಸುಬು ಮಾಡಿಕೊಂಡ ನಾನು ಒಂದು ಪದವನ್ನು ಸರಿಯಾಗಿ ಬಳಸದೆ ಒಂದು ವರ್ಷ ಕಳೆದುಕೊಂಡೆ. ಇದಕ್ಕೆ ವೈದ್ಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಗಡಿಯಲ್ಲಿ ಬದುಕುವವರು ಎರಡು ಭಾಷೆಯಲ್ಲಿಯೂ ತಮ್ಮ ದೇಹದ ಹೆಸರುಗಳನ್ನು ಕಲಿತಿರಬೇಕು. ತೆಲುಗಿನಲ್ಲಿ ಈ ಕೀಲಿಗೆ “ತುಂಟಿ” ಎನ್ನುತ್ತಾರೆ, ತೊಡೆಸಂದಿಗೆ “ಗಜ್ಜ” ಎನ್ನುತ್ತಾರೆ. ಈ ಎರಡು ಮಾತುಗಳನ್ನು ಮನೆಗೆ ಹೋಗಿ ಹಿರಿಯರಿಗೆ ಹೇಳಿರಿ.

ನನ್ನ ರೋಗಕ್ಕೆ ವೈದ್ಯರು ಅವ್ಯಾಸ್ಕ್ಯುಲರ್ ನೆಕ್ರೋಸಿಸ್ ಎನ್ನುತ್ತಾರೆ, ಚೀಟಿಯಲ್ಲಿ ಎ.ವಿ.ಎನ್. ಎಂದು ಬರೆಯುತ್ತಾರೆ. ತೊಡೆಯ ಮೂಳೆಯ ತುದಿಯು ಚೆಂಡಿನಂತಿದ್ದು, ಚಪ್ಪೆಯ ಬಟ್ಟಲಿನಲ್ಲಿ ತಿರುಗುತ್ತದೆ. ಆ ಚೆಂಡಿಗೆ ರಕ್ತ ತಲುಪದೆ ಹೋದರೆ ಒಳಗಿನ ಮೂಳೆ ಸಾಯುತ್ತದೆ. ಭಾರ ಬಿದ್ದಂತೆ ಚೆಂಡು ಕುಸಿಯುತ್ತದೆ. ಸ್ಟೀರಾಯ್ಡ್ ಔಷಧ, ಮಿತಿಮೀರಿದ ಮದ್ಯಪಾನ, ಮೂಳೆಯ ಕುತ್ತಿಗೆ ಮುರಿಯುವುದು, ಸಿಕಲ್ ಸೆಲ್ ಎಂಬ ರಕ್ತದೋಷ ಇವು ಕಾರಣಗಳು. ಕೆಲವರಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಆರಂಭದಲ್ಲಿ ಸಾಧಾರಣ ಎಕ್ಸರೇಯಲ್ಲಿ ಇದು ಕಾಣದು, ಎಂ.ಆರ್.ಐ. ಬೇಕು. ಬೇಗ ಗೊತ್ತಾದರೆ ಚೆಂಡನ್ನು ಉಳಿಸುವ ಚಿಕಿತ್ಸೆಯುಂಟು. ನನಗೆ ಆ ಕಾಲ ಮೀರಿತ್ತು.

ಆಗಲೂ ನಾನು ಕೂಡಲೇ ಒಪ್ಪಲಿಲ್ಲ. ಕಾರಣ ತಮಗೆ ಗೊತ್ತು. ನಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ರಜೆ ಹಾಕಿದರೆ ಬದಲಿಗೆ ಬರುವ ಕನ್ನಡ ಶಿಕ್ಷಕರಿಲ್ಲ. ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಗೆ ಕೂರಬೇಕು. ಈ ಪರೀಕ್ಷೆ ಮುಗಿಯಲಿ, ಮುಂದಿನದು ಮುಗಿಯಲಿ ಎಂದು ಮಾತ್ರೆ ನುಂಗುತ್ತ ಕುಂಟಿದೆ. ಇದನ್ನು ತ್ಯಾಗವೆಂದು ಆಗ ತಿಳಿದಿದ್ದೆ. ಈಗ ಅವಿವೇಕವೆಂದು ತಿಳಿಯುತ್ತೇನೆ. ತಡ ಮಾಡಿದಷ್ಟೂ ತೊಡೆಯ ಮಾಂಸಖಂಡ ಸೊರಗುತ್ತದೆ, ಕಾಲು ಗಿಡ್ಡವಾಗುತ್ತದೆ, ಚೇತರಿಕೆ ದೀರ್ಘವಾಗುತ್ತದೆ.

ಕೀಲು ಬದಲಾವಣೆಯೆಂಬುದು ಹೊಸ ಪವಾಡವೇನೂ ಅಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಮೊದಲು ಟೆಫ್ಲಾನ್ ಬಟ್ಟಲನ್ನು ಬಳಸಿದರು. ಅದು ಬೇಗನೆ ಸವೆದು ಹೋಯಿತು, ನೂರಾರು ರೋಗಿಗಳಿಗೆ ಮತ್ತೆ ಕೊಯ್ಯಬೇಕಾಯಿತು. ಆ ಸೋಲನ್ನು ಮರೆಮಾಚದೆ, ೧೯೬೨ರಲ್ಲಿ ಗಟ್ಟಿಯಾದ ಪಾಲಿಥಿನ್ ಬಟ್ಟಲಿನಲ್ಲಿ ಲೋಹದ ಚಿಕ್ಕ ಚೆಂಡು ತಿರುಗುವ ಕೀಲನ್ನು ಅವರು ರೂಪಿಸಿದರು. ಇಂದಿನ ಕೀಲುಗಳೆಲ್ಲ ಅದರ ಸಂತತಿಯೇ. ಇದು ಎಷ್ಟು ಕಾಲ ಬಾಳುತ್ತದೆ? ೨೦೧೯ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ನೂರು ಕೀಲುಗಳಲ್ಲಿ ಸುಮಾರು ೮೯ ಕೀಲುಗಳು ೧೫ ವರ್ಷ, ಸುಮಾರು ೫೮ ಕೀಲುಗಳು ೨೫ ವರ್ಷ ಉಳಿದಿವೆ. ನಲವತ್ತರ ಪ್ರಾಯದವನಿಗೆ ಮುಂದೆ ಇನ್ನೊಮ್ಮೆ ಬದಲಾಯಿಸಬೇಕಾಗಬಹುದೆಂಬುದನ್ನೂ ಇದು ತಿಳಿಸುತ್ತದೆ. ಈ ಮಾತನ್ನು ಮೊದಲೇ ಹೇಳುವವನೇ ಸತ್ಯವಂತನಾದ ವೈದ್ಯ.

ಇನ್ನು ವೈದ್ಯರ ಆಯ್ಕೆ. ನಾವು ಕನ್ಯೆ ನೋಡಲು ಹತ್ತು ಊರು ತಿರುಗುತ್ತೇವೆ, ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ. ದೇಹವನ್ನು ಕೊಯ್ಯುವವರನ್ನು ಮಾತ್ರ ಯಾರೋ ಹೇಳಿದರೆಂದು ಒಪ್ಪಿಕೊಂಡುಬಿಡುತ್ತೇವೆ. ನನಗೆ ಹೆಸರು ಸೂಚಿಸಿದವರು ಅನೇಕರು. ಒಬ್ಬರು ನಮ್ಮ ಬೀಗರಿಗೆ ಪರಿಚಯವೆಂದರು. ಇನ್ನೊಬ್ಬರು ನಮ್ಮವರೇ ಎಂದರು. ಒಬ್ಬ ಆರ್.ಎಂ.ಪಿ. ಡಾಕ್ಟರು ತಾವೇ ವಾಹನ ಮಾಡಿಕೊಂಡು ಕರೆದೊಯ್ಯುತ್ತೇನೆಂದರು. ಆ ಉತ್ಸಾಹಕ್ಕೆ ಅಲ್ಲಿಂದ ಅವರಿಗೆ ಸಲ್ಲುವ ಪಾಲು ಕಾರಣವೆಂದು ಆಮೇಲೆ ತಿಳಿಯಿತು. ಪರಿಚಯದಿಂದ ಬಾಗಿಲು ತೆರೆಯಬಹುದು. ಕೈಯ ನೈಪುಣ್ಯ ಬರುವುದಿಲ್ಲ.

ನಾನು ಮೂವರನ್ನು ಕಂಡೆ. ಮೊದಲನೆಯವರು ನನ್ನನ್ನು ನಡೆಸಿ ನೋಡಲೇ ಇಲ್ಲ. ಚಿತ್ರ ನೋಡಿ, ನಾಳೆಯೇ ಸೇರಿಕೊಳ್ಳಿ, ಈ ವಾರ ರಿಯಾಯಿತಿಯುಂಟು ಎಂದರು. ಎರಡನೆಯವರು ಒಳ್ಳೆಯವರು, ವರ್ಷಕ್ಕೆ ಇಂಥವು ನಾಲ್ಕೈದು ಮಾಡುತ್ತೇನೆಂದು ಮರೆಯಿಲ್ಲದೆ ಹೇಳಿದರು. ಮೂರನೆಯವರು ಹೈದರಾಬಾದಿನವರು. ಅವರು ನನ್ನ ನಡಿಗೆ ನೋಡಿದರು, ಎರಡು ಕಾಲುಗಳ ಉದ್ದ ಅಳೆದರು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಡೆಗೆ, “ಇದು ಇಂದೇ ಆಗಬೇಕಾದುದಲ್ಲ. ಮನೆಯವರನ್ನು ಕರೆದುಕೊಂಡು, ಪ್ರಶ್ನೆಗಳನ್ನು ಬರೆದುಕೊಂಡು ಮತ್ತೆ ಬನ್ನಿ” ಎಂದರು. ಅಂದೇ ನನ್ನ ಮನಸ್ಸು ನಿರ್ಧಾರವಾಯಿತು.

ಎರಡನೆಯ ಭೇಟಿಗೆ ನಾನು ಒಯ್ದ ಪ್ರಶ್ನೆಗಳನ್ನು ತಮ್ಮ ಮುಂದೆ ಇಡುತ್ತೇನೆ.

ಒಂದು: ವರ್ಷಕ್ಕೆ ತಾವು ಎಷ್ಟು ಚಪ್ಪೆಯ ಕೀಲುಗಳನ್ನು ಬದಲಾಯಿಸುತ್ತೀರಿ? ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದು, ವರ್ಷಕ್ಕೆ ೩೫ಕ್ಕಿಂತ ಕಡಮೆ ಮಾಡುವವರ ಕೈಯಲ್ಲಿ ಕೀಲು ಜಾರುವುದೂ ಮರುಶಸ್ತ್ರಚಿಕಿತ್ಸೆಯೂ ಹೆಚ್ಚೆಂದು ತೋರಿಸಿತು. ಹೊಲಿಯುವ ಕೈಗೆ ಹೊಲಿಗೆಯೇ ಗುರುವಲ್ಲವೇ?

ಎರಡು: ಕೊಯ್ಯುವವರು ತಾವೇ ಅಥವಾ ಬೇರೆಯವರೇ?

ಮೂರು: ಸೋಂಕು, ಕೀಲು ಜಾರುವುದು, ರಕ್ತ ಹೆಪ್ಪುಗಟ್ಟುವುದು, ಕಾಲಿನ ಉದ್ದದಲ್ಲಿ ಅಂತರ ಇವು ನಿಮ್ಮಲ್ಲಿ ಎಷ್ಟು? ಆದರೆ ಏನು ಮಾಡುತ್ತೀರಿ? ಎಂದೂ ಆಗಿಲ್ಲವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿರಿ.

ನಾಲ್ಕು: ಯಾವ ಕೀಲನ್ನು ಹಾಕುತ್ತೀರಿ, ನನಗೆ ಅದೇ ಏಕೆ? ಇದು ಅತಿ ಮುಖ್ಯ. ಡಿಪ್ಯೂ ಎಂಬ ಕಂಪನಿಯು ಎ.ಎಸ್.ಆರ್. ಎಂಬ, ಲೋಹದ ಮೇಲೆ ಲೋಹ ತಿರುಗುವ ಕೀಲನ್ನು ೨೦೧೦ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ನಮ್ಮ ದೇಶದಲ್ಲಿ ಅದನ್ನು ಬಳಸಿ ಸುಮಾರು ೪೭೦೦ ಶಸ್ತ್ರಚಿಕಿತ್ಸೆಗಳಾಗಿದ್ದವು. ೨೦೧೭ರಲ್ಲಿ ಕೇಂದ್ರ ಸರ್ಕಾರವು ತಜ್ಞರ ಸಮಿತಿಯನ್ನು ನೇಮಿಸಿತು; ಆದರೆ ಬಹು ಮಂದಿ ರೋಗಿಗಳನ್ನು ಪತ್ತೆ ಹಚ್ಚುವುದೇ ಕಷ್ಟವಾಯಿತು. ಆದುದರಿಂದ ತಮ್ಮ ದೇಹದೊಳಗೆ ಹಾಕಿದ ಕೀಲಿನ ಹೆಸರು, ಸಂಖ್ಯೆಗಳಿರುವ ಚೀಟಿಯನ್ನು ಕೇಳಿ ಪಡೆದು, ಹೊಲದ ಪಹಣಿಯಷ್ಟೇ ಜೋಪಾನವಾಗಿ ಇಡಿರಿ.

ಐದು: ಒಟ್ಟು ವೆಚ್ಚವೆಷ್ಟು? ಬರಹದಲ್ಲಿ ಕೊಡಿರಿ. ನಮ್ಮ ಆರೋಗ್ಯಶ್ರೀ ಕಾರ್ಡು ಇಲ್ಲಿ ನಡೆಯುವುದೇ? ಈ ಪ್ರಶ್ನೆ ನಮಗೆ ವಿಶೇಷವಾದುದು. ೧೯೫೬ರ ನವೆಂಬರ್ ೧ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಯಚೂರಿಗೆ ಹೋಗುವುದೆಂದರೆ ನಮ್ಮ ಜಿಲ್ಲೆಯ ಮುಖ್ಯಸ್ಥಳಕ್ಕೆ ಹೋಗುವುದಾಗಿತ್ತು. ಇಂದು ಕೃಷ್ಣೆಯ ಸೇತುವೆ ದಾಟಿದರೆ ರಾಜ್ಯ ಬೇರೆ, ಯೋಜನೆ ಬೇರೆ. ನೋವಿಗೆ ಗಡಿಯಿಲ್ಲ, ಕಾರ್ಡಿಗೆ ಗಡಿಯುಂಟು. ಆಸ್ಪತ್ರೆಗೆ ಸೇರುವ ಮುನ್ನವೇ ಕೇಳಿರಿ. ದೊಡ್ಡ ಕಟ್ಟಡವೇ ಬೇಕೆಂದಿಲ್ಲ. ಹೈದರಾಬಾದಿನ ನಿಮ್ಸ್ ಸಂಸ್ಥೆಯು ಮೊದಲಿಗೆ ನಿಜಾಮರ ಧರ್ಮನಿಧಿಯ ಮೂಳೆಚಿಕಿತ್ಸೆಯ ಆಸ್ಪತ್ರೆಯಾಗಿಯೇ ಹುಟ್ಟಿದುದು. ಸರ್ಕಾರಿ ಸಂಸ್ಥೆಗಳಲ್ಲಿ ಕಾಯಬೇಕಾಗುತ್ತದೆ, ಆದರೆ ಅನುಭವ ಅಲ್ಲಿ ಕಡಮೆಯಿಲ್ಲ. ೨೦೨೩ರ ಅಕ್ಟೋಬರಿನಿಂದ ಕೃಷ್ಣಾ ನಿಲ್ದಾಣದ ಹೊಸ ರೈಲು ಮಾರ್ಗ ನಮ್ಮನ್ನು ರಾಯಚೂರಿಗೂ ಹೈದರಾಬಾದಿಗೂ ಜೋಡಿಸಿದೆ. ಎರಡು ಕಡೆಯೂ ವಿಚಾರಿಸುವುದು ಈಗ ಕಷ್ಟವಲ್ಲ.

ಆದರೆ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ನನ್ನದಲ್ಲ, ನನ್ನ ಮನೆಯವಳದು. ನಾನು ಬರೆದದ್ದನ್ನೆಲ್ಲ ಓದಿ ಮುಗಿಸಿದ ಮೇಲೆ ಆಕೆ, “ನಮ್ಮದು ನೆಲದ ಮೇಲೆ ಕೂತು ಉಣ್ಣುವ ಮನೆ, ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ. ಇವರು ಮನೆಗೆ ಬಂದಮೇಲೆ ಹೇಗಿರಬೇಕು?” ಎಂದು ಕೇಳಿದಳು. ವೈದ್ಯರು ಲೇಖನಿಯನ್ನು ಕೆಳಗಿಟ್ಟು ಅರ್ಧ ಗಂಟೆ ಮಾತನಾಡಿದರು. ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಸಾಲು ಸಾಲಾಗಿ ವಿವರಿಸಿ ಹೇಳಿದ ಮೇಲೆಯೇ ನಾವು ರುಜು ಮಾಡಿದೆವು. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟೊತ್ತುವ ಕಾಲ ಹೋಗಬೇಕು.

೨೦೨೪ರ ಏಪ್ರಿಲಿನಲ್ಲಿ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ, ನನ್ನ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಬೆಳಗ್ಗೆ ಇಬ್ಬರು ಹಿಡಿದು ವಾಕರಿನ ಆಸರೆಯಲ್ಲಿ ನಿಲ್ಲಿಸಿದರು. ಗಾಯದ ನೋವಿತ್ತು, ಆದರೆ ಎರಡು ವರ್ಷಗಳಿಂದ ಜೊತೆಗಿದ್ದ ಆ ಹಳೆಯ, ಒಳಗಿನ ನೋವು ಇರಲಿಲ್ಲ. ನಾನು ಅತ್ತೆ. ನರ್ಸಮ್ಮ ಗಾಬರಿಯಾಗಿ ಮಾತ್ರೆ ತರಲು ಓಡಿದರು.

ಮನೆಯಲ್ಲಿ ನಡೆದ ವಿದ್ಯಾಭ್ಯಾಸ ಬೇರೆಯೇ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಪಾಯಖಾನೆಗೆ ಎತ್ತರದ ಕುರ್ಚಿ ತಂದೆವು. ಜಮಖಾನೆ, ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದೆವು. ಕಾಲಿಗೆ ತೊಡರುವ ವಸ್ತುವೇ ಶತ್ರು. ಮಲಗುವಾಗ ಎರಡು ಮೊಣಕಾಲುಗಳ ನಡುವೆ ದಿಂಬು. ಮೊದಲ ವಾರಗಳಲ್ಲಿ ನನಗೆ ಮೂರು ನಿಷೇಧಗಳು: ತೊಡೆಯನ್ನು ಹೊಟ್ಟೆಯ ಕಡೆಗೆ ಲಂಬಕೋನಕ್ಕಿಂತ ಹೆಚ್ಚು ಮಡಿಸಕೂಡದು, ಕಾಲ ಮೇಲೆ ಕಾಲು ಹಾಕಕೂಡದು, ಪಾದವನ್ನು ಒಳಕ್ಕೆ ತಿರುಗಿಸಕೂಡದು. ಇವು ಶಸ್ತ್ರಚಿಕಿತ್ಸೆಯ ಮಾರ್ಗದಂತೆ ಬದಲಾಗುತ್ತವೆ. ತಮ್ಮ ವೈದ್ಯರ ಮಾತೇ ಪ್ರಮಾಣ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೊಯ್ಸಿದ ಕಾಲು ಮುಂದೆ. ಊರುಗೋಲು ಹಿಡಿಯುವುದು ಕೊಯ್ಸಿದ ಕಾಲಿನ ಕಡೆಯಲ್ಲ, ಎದುರಿನ ಕೈಯಲ್ಲಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಕೂಡದು. ಮೀನಖಂಡ ಊದಿ ನೊಂದರೆ, ಏದುಸಿರು ಬಂದರೆ, ಜ್ವರ ಬಂದರೆ, ಗಾಯ ಸೋರಿದರೆ, ಇದ್ದಕ್ಕಿದ್ದಂತೆ ನೋವಾಗಿ ಕಾಲು ಗಿಡ್ಡವಾಗಿ ಕಂಡರೆ ಆ ಗಳಿಗೆಯೇ ಆಸ್ಪತ್ರೆಗೆ.

ಮೂರನೆಯ ವಾರ ನನಗೆ ಅತ್ಯಂತ ಕೆಟ್ಟದ್ದು. ನೋವು ಕಡಮೆಯಾಗಿತ್ತು, ಬಲ ಬಂದಿರಲಿಲ್ಲ. ನೋಡಲು ಬರುವವರ ಸಂಖ್ಯೆ ತಗ್ಗಿತ್ತು. ಒಂದು ದಿನ ಕೆಳಗೆ ಬಿದ್ದ ಪತ್ರಿಕೆಯನ್ನು ಎತ್ತಿಕೊಳ್ಳಲು ಬಗ್ಗಿದೆ. ಮನೆಯವಳು ಕೂಗಿದ ಕೂಗಿಗೆ ನೆರೆಮನೆಯವರು ಓಡಿ ಬಂದರು. ಏನೂ ಆಗಲಿಲ್ಲ, ಆದರೆ ಆ ರಾತ್ರಿ ಆಕೆ ಮಾತನಾಡಲಿಲ್ಲ. ಆಕೆಯ ದುಡಿಮೆಯ ಲೆಕ್ಕ ನಾನು ಅದುವರೆಗೆ ಹಾಕಿರಲಿಲ್ಲ. ಮಹನೀಯರೇ, ರೋಗಿಯ ಚೇತರಿಕೆಯೆಂಬುದು ಇನ್ನೊಬ್ಬರ ನಿದ್ರೆಯಿಂದ ತೆಗೆದ ಸಾಲ.

ನನ್ನ ತಾಯಿಗೆ ಒಂದು ಸಂಕಟವಿತ್ತು. ಹಬ್ಬದ ದಿನ ಮಗ ಕಾಲಿಗೆ ಬೀಳಲಾರ, ಪಂಕ್ತಿಯಲ್ಲಿ ಕೂರಲಾರ. ನಾನು ಕುರ್ಚಿಯಲ್ಲಿ ಕೂತು ಉಣ್ಣುತ್ತ, ಹಿರಿಯರು ನೆಲದಲ್ಲಿ ಕೂತಿರುವುದನ್ನು ನೋಡಿ ನಾಚಿದೆ. ಆಕೆ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, “ಕೂತೇ ಇರಪ್ಪಾ ತಮ್ಮಾ. ನಮ್ಮತ್ತಿ ಕಾಲಕ್ಕೆ ಇಂಥಾ ಕುರ್ಚಿ ಇದ್ದಿದ್ರ ಆಕಿ ಬದುಕತಿದ್ಲು” ಎಂದಳು. ಅಜ್ಜಿಯ ಮಾತನ್ನು ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಲ್ಲಿ ಯಾರೂ ಎತ್ತಿರಲಿಲ್ಲ.

ನಮ್ಮ ನಾರಾಯಣಪೇಟೆ, ಗದ್ವಾಲಗಳ ನೇಕಾರ ಬಂಧುಗಳಿಗೆ ಒಂದು ಮಾತು. ಗುಂಡಿ ಮಗ್ಗದ ಮುಂದೆ ನೆಲಮಟ್ಟದಲ್ಲಿ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು ದಿನವಿಡೀ ತುಳಿಯುವವರು ತಾವು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ತಮ್ಮ ಕಸುಬನ್ನು ವೈದ್ಯರಿಗೆ ಅಭಿನಯಿಸಿ ತೋರಿಸಿರಿ. ಇಳಿಯುವುದು ಹೇಗೆ, ಏಳುವುದು ಹೇಗೆ, ಎಂದು ಮತ್ತೆ ಕೂರಬಹುದು ಎಂದು ಕೇಳಿರಿ. ನೇಯುವವನೆಂಬ ಒಂದು ಮಾತಿನಿಂದ ಪಟ್ಟಣದ ವೈದ್ಯರಿಗೆ ಗುಂಡಿ ಕಾಣುವುದಿಲ್ಲ.

ಶಾಲೆ ಜೂನಿನಲ್ಲಿ ತೆರೆಯಿತು. ನಾನು ಜುಲೈ ಕೊನೆಯವರೆಗೆ ಹೋಗಲಾಗಲಿಲ್ಲ. ನಾನು ಹೆದರಿದಂತೆ ಪಾಠ ನಿಲ್ಲಲಿಲ್ಲ. ಹತ್ತನೆಯ ತರಗತಿಯ ಮಕ್ಕಳು ಸಂಜೆ ನನ್ನ ಮನೆಯ ಪಡಸಾಲೆಗೆ ಬಂದರು. ನಾನು ಎತ್ತರದ ಕುರ್ಚಿಯಲ್ಲಿ, ಅವರು ಕಟ್ಟೆಯ ಮೇಲೆ. ಛಂದಸ್ಸಿನ ಗಣಗಳನ್ನು ಲೆಕ್ಕ ಹಾಕುತ್ತ ನಾನು ಕಾಲಿನ ವ್ಯಾಯಾಮ ಮಾಡಿದೆ. ಹತ್ತು ಸಲ ಎತ್ತಿ ಇಳಿಸುವುದನ್ನು ಎಣಿಸುವ ಕೆಲಸ ಅವರದು. ಎರಡು ವರ್ಷ ನನ್ನನ್ನು ತಡೆದ ಭಯವು ಇಷ್ಟು ಸುಲಭವಾಗಿ ಕರಗಿತು. ಕೇಳಿದ್ದರೆ ಆ ಮಕ್ಕಳು ಮೊದಲೇ ಬರುತ್ತಿದ್ದರು.

ನಮ್ಮ ಗದ್ವಾಲ ಸೀಮೆಯ ಉತ್ತನೂರಿನ ಗೋಪಾಲದಾಸರು, ರೋಗದಿಂದ ಬಳಲುತ್ತಿದ್ದ ಮಾನ್ವಿಯ ಶ್ರೀನಿವಾಸಾಚಾರ್ಯರಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ದಾನವಿತ್ತರೆಂದೂ, ಅವರೇ ಮುಂದೆ ಜಗನ್ನಾಥದಾಸರಾದರೆಂದೂ ಐತಿಹ್ಯವುಂಟು. ನಾವು ಆಯುಷ್ಯವನ್ನು ಕೊಡಲಾರೆವು. ಒಂದು ದಿನವನ್ನು ಕೊಡಬಲ್ಲೆವು. ಆದುದರಿಂದ ಸಂಘದ ಮುಂದೆ ಎರಡು ಬಿನ್ನಹಗಳನ್ನು ಇಡುತ್ತೇನೆ. ದೇಹದ ಅಂಗಗಳ ಕನ್ನಡ, ತೆಲುಗು ಹೆಸರುಗಳನ್ನೂ ನಾನು ಹೇಳಿದ ಪ್ರಶ್ನೆಗಳನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚೋಣ. ಎರಡು ಭಾಷೆ ಬಲ್ಲ ತರುಣರು, ಕನ್ನಡ ಮಾತ್ರ ಬಲ್ಲ ಹಿರಿಯರೊಡನೆ ಆಸ್ಪತ್ರೆಗೆ ಹೋಗಿ ಒಂದು ದಿನ ಜೊತೆಗಿರಲಿ. ನೋವನ್ನು ತನ್ನ ಮಾತಿನಲ್ಲಿ ಹೇಳಿಕೊಂಡು ಕೇಳಿಸಿಕೊಳ್ಳುವ ಅನುಕೂಲವಿಲ್ಲದಿದ್ದರೆ, ಗಡಿಯಲ್ಲಿ ಕನ್ನಡ ಉಳಿಯಿತೆಂದು ಹೇಗೆ ಹೇಳೋಣ?

ಇಂದು ನಾನು ಮನೆಯಿಂದ ಈ ಸಭೆಗೆ ನಡೆದೇ ಬಂದೆ. ಕೋಲು ತರಲಿಲ್ಲ. ಇಷ್ಟು ಹೊತ್ತು ನಿಂತು ಮಾತನಾಡಿದೆ. ತಾವು ಕೂತು ಕೇಳಿದಿರಿ.